ಬಳ್ಳಾರಿಯಲ್ಲಿ ಕೆಲಸಕ್ಕೆ ಸೈಕಲ್: ಎಂಟಿಬಿಯೋ, ರೋಡ್ ಬೈಕೋ? ಮೊದಲು ಟೈರು ನೋಡಿ

ಕೆಲಸಕ್ಕೆ ಹೋಗಿಬರಲು ಯಾವ ಸೈಕಲ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ, ದುಡ್ಡು ಎಷ್ಟಿದೆ ಅನ್ನುವ ಮಾತು ನಾನು ಆಮೇಲೆ ತೆಗೆಯುತ್ತೇನೆ. ಮೊದಲು ಕೇಳುವುದು, ನೀವು ಹೋಗುವ ದಾರಿಯಲ್ಲಿ ಜಾಲಿ ಎಷ್ಟಿದೆ ಅಂತ. ಎಷ್ಟೋ ಊರುಗಳಲ್ಲಿ ಜನ ಆ ಮುಳ್ಳಿನ ಗಿಡವನ್ನು ಕರೆಯುವುದೇ ‘ಬಳ್ಳಾರಿ ಜಾಲಿ’ ಅಂತ. ಹೆಸರಿನಲ್ಲೇ ನಮ್ಮೂರಿದೆ ಅಂದಮೇಲೆ ನಮ್ಮ ರಸ್ತೆಯಲ್ಲಿ ಅದರ ಮುಳ್ಳು ಇಲ್ಲದೆ ಇರುತ್ತದೆಯೇ?

ನನ್ನ ಮನೆಯಿಂದ ಕೆಲಸದ ಜಾಗಕ್ಕೆ ಏಳು ಕಿಲೋಮೀಟರ್. ಮೊದಲು ಕೊಂಡಿದ್ದು ಸಣ್ಣ ಟೈರಿನ ರೋಡ್ ಬೈಕ್. ಹಗುರ, ನೋಡಲು ಚಂದ, ಒಂದು ಸಲ ತುಳಿದರೆ ಸುಮ್ಮನೆ ಓಡುತ್ತಿತ್ತು. ಮೊದಲ ತಿಂಗಳಲ್ಲೇ ಐದು ಸಲ ಪಂಚರ್ ಆಯಿತು. ಐದನೇ ಸಲ ಕೌಲ್ ಬಜಾರ್ ಕಡೆಯ ಒಂದು ಪಂಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಲ್ಲಿನ ಚಾಚಾ ಟ್ಯೂಬು ಹೊರಗೆ ತೆಗೆದು, ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಬಂದ ಕಡೆ ಗುರುತು ಹಾಕಿದರು. ಪ್ಯಾಚ್ ಹಚ್ಚುವ ಮೊದಲು ಟೈರಿನ ಒಳಗೆ ಒಂದು ಹಳೇ ಬಟ್ಟೆ ತುರುಕಿ, ಸುತ್ತಲೂ ಮೆಲ್ಲಗೆ ಎಳೆಯುತ್ತಾ ಬಂದರು. ಬಟ್ಟೆಯ ನೂಲು ಒಂದು ಕಡೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳಿನ ತುದಿ, ರಬ್ಬರಿನ ಒಳಗೆ ಮುರಿದು ಕೂತಿತ್ತು. “ಪ್ಯಾಚ್ ಹಾಕೋದು ದೊಡ್ಡ ಕೆಲಸ ಅಲ್ಲಪ್ಪ. ಮುಳ್ಳು ಟೈರಿನಾಗೆ ಉಳೀತಂದ್ರೆ ನಾಳೆ ಮತ್ತೆ ಇಲ್ಲಿಗೇ ಬರ್ತೀಯ” ಅಂದರು. ಅಲ್ಲಿಯವರೆಗಿನ ಐದು ಪಂಚರ್‌ಗಳಲ್ಲಿ ಕನಿಷ್ಠ ಎರಡಾದರೂ ಇದೇ ಮುಳ್ಳಿನ ಕೆಲಸ ಅಂತ ಆವತ್ತು ಗೊತ್ತಾಯಿತು.

ಅವತ್ತಿನಿಂದ ನಾನು ಸೈಕಲ್ಲನ್ನು ನೋಡುವ ರೀತಿಯೇ ಬದಲಾಯಿತು. ಫ್ರೇಮಿನ ಮೇಲೆ ಏನು ಬರೆದಿದೆ ಅನ್ನುವುದಕ್ಕಿಂತ ಕೆಳಗೆ ಯಾವ ಟೈರಿದೆ ಅನ್ನುವುದೇ ನಮ್ಮೂರಿಗೆ ಮುಖ್ಯ. ಆ ಲೆಕ್ಕದಲ್ಲೇ ಒಂದೊಂದಾಗಿ ಹೇಳುತ್ತೇನೆ.

ಮೊದಲ ಕೆಲಸ: ಒಂದು ವಾರ ದಾರಿ ನೋಡಿ

ಸೈಕಲ್ ಕೊಳ್ಳುವ ಮೊದಲು ಈಗ ಹೋಗುತ್ತಿರುವ ಗಾಡಿಯಲ್ಲೇ ಒಂದು ವಾರ ದಾರಿಯನ್ನು ಗಮನಿಸಿ. ರಸ್ತೆಯ ನಡುವೆ ಹೇಗಿದೆ ಅನ್ನುವುದನ್ನು ಬಿಡಿ, ಎಡ ಅಂಚು ನೋಡಿ. ಸೈಕಲ್ ಓಡುವುದು ಅಲ್ಲಿ. ಡಾಂಬರು ಮುಗಿಯುವ ಕಡೆ ಎಷ್ಟು ತಗ್ಗಿದೆ, ಮರಳು, ಜಲ್ಲಿ ಎಷ್ಟು ಗುಡ್ಡೆಯಾಗಿದೆ, ಹಿಂದಿನಿಂದ ಲಾರಿ ಹಾರ್ನ್ ಹೊಡೆದರೆ ಎಲ್ಲಿ ಕೆಳಗೆ ಇಳಿಯಬೇಕಾಗುತ್ತದೆ, ಇಳಿಯುವ ಜಾಗದಲ್ಲಿ ಮಣ್ಣು ಯಾವುದು.

ಮಣ್ಣಿನ ಮಾತು ಬಳ್ಳಾರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಎರೆ ಒಣಗಿದಾಗ ಕಲ್ಲು, ನೆನೆದಾಗ ಅಂಟು. ಸಿರುಗುಪ್ಪ ಕಡೆ, ಮೋಕಾ ಕಡೆ ಹೊಲದ ದಾರಿಗಳಲ್ಲಿ ಒಂದು ಮಳೆ ಬಿದ್ದರೆ ಸಾಕು, ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಚಕ್ರಕ್ಕೆ ಮಣ್ಣು ಸುತ್ತಿಕೊಳ್ಳುತ್ತದೆ. ರೋಡ್ ಬೈಕಿನಲ್ಲಿ ಟೈರಿಗೂ ಬ್ರೇಕಿಗೂ ನಡುವೆ ಇರುವ ಜಾಗ ಕೆಲವೇ ಮಿಲಿಮೀಟರ್. ಮಣ್ಣು ಅಲ್ಲಿ ಸಿಕ್ಕಿಕೊಂಡರೆ ಚಕ್ರ ತಿರುಗುವುದೇ ಇಲ್ಲ. ನಾನು ಒಂದು ಜೂನ್ ಸಂಜೆ ಕಡ್ಡಿಯಿಂದ ಕೆರೆದು ಕೆರೆದು, ಕೊನೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಾಂಬರಿಗೆ ಬಂದಿದ್ದೇನೆ. ಎಂಟಿಬಿಯಲ್ಲಿ, ಅಂದರೆ ದಪ್ಪ ಟೈರಿನ ಸೈಕಲ್ಲಿನಲ್ಲಿ, ಆ ಜಾಗ ದೊಡ್ಡದು, ಹಾಗಾಗಿ ಇನ್ನೊಂದಷ್ಟು ದೂರ ಹೋಗಬಹುದು. ಆದರೆ ಚೆನ್ನಾಗಿ ನೆನೆದ ಎರೆಯಲ್ಲಿ ಯಾವ ಸೈಕಲ್ಲೂ ಹೋಗುವುದಿಲ್ಲ. ನಿಮ್ಮ ದಾರಿಯಲ್ಲಿ ಎರೆ ಇದ್ದರೆ ಮಳೆಗಾಲಕ್ಕೆ ಸುತ್ತು ಹಾಕುವ ಇನ್ನೊಂದು ದಾರಿಯನ್ನು ಈಗಲೇ ನೋಡಿಟ್ಟುಕೊಳ್ಳಿ.

ಮುಳ್ಳಿನಲ್ಲಿ ಎರಡು ಬಗೆ. ಜಾಲಿ ಮುಳ್ಳು ಉದ್ದ, ಗಟ್ಟಿ. ರಸ್ತೆ ಬದಿಯ ಜಾಲಿ ಕಡಿದ ದಿನ, ಸೌದೆ ಹೊರೆ ಎಳೆದುಕೊಂಡು ಹೋದ ದಿನ ಡಾಂಬರಿನ ಮೇಲೂ ಬಿದ್ದಿರುತ್ತದೆ. ನೆಗ್ಗಿನ ಮುಳ್ಳು ನೆಲದಲ್ಲೇ ಹಬ್ಬುವ ಗಿಡದ್ದು. ಸಣ್ಣ ಕಾಯಿ, ಹೇಗೆ ಬಿದ್ದರೂ ಒಂದು ಮುಳ್ಳು ಮೇಲೆಯೇ ನಿಂತಿರುತ್ತದೆ. ಮಳೆ ನಿಂತು ಗಿಡ ಒಣಗಿದ ಮೇಲೆ ಖಾಲಿ ಸೈಟು, ಮೈದಾನ, ರಸ್ತೆ ಅಂಚಿನ ತುಂಬ ಇದೇ. ಹತ್ತಿರ ಅಂತ ಖಾಲಿ ಸೈಟು ಅಡ್ಡ ಹಾಯುವ ಅಭ್ಯಾಸ ಇದ್ದರೆ ಇಂದೇ ಬಿಡಿ.

ಎರಡನೇ ಕೆಲಸ: ಎರಡೂ ಸೈಕಲ್ ಯಾತಕ್ಕೆ ಹುಟ್ಟಿದವು ಅಂತ ತಿಳಿದುಕೊಳ್ಳಿ

ಎಂಟಿಬಿ ಅಂದರೆ ಮೌಂಟನ್ ಬೈಕ್. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹುಡುಗರು ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಗುಡ್ಡದ ಮಣ್ಣು ದಾರಿಯಲ್ಲಿ ಇಳಿಸುತ್ತಿದ್ದರು. ಈ ಸೈಕಲ್ ಅಲ್ಲಿಂದ ಬೆಳೆದದ್ದು. ನೇರ ಹ್ಯಾಂಡಲ್, ಮುಂದೆ ಸಸ್ಪೆನ್ಷನ್, ಸುಮಾರು 2 ಇಂಚಿನ, ರಬ್ಬರ್ ಉಬ್ಬಿಕೊಂಡಿರುವ ಗುಬ್ಬಿ ಗುಬ್ಬಿ ಟೈರು, ಏರಿಗೆ ಬೇಕಾದ ಹಗುರ ಗೇರು. ನಮ್ಮಲ್ಲಿ 10ರಿಂದ 15 ಸಾವಿರಕ್ಕೆ ಸಿಗುವವು ಸಾಮಾನ್ಯವಾಗಿ 14ರಿಂದ 17 ಕೆಜಿ ತೂಗುತ್ತವೆ.

ರೋಡ್ ಬೈಕ್ ಹುಟ್ಟಿದ್ದು ರೇಸಿಗೆ. ಕೆಳಕ್ಕೆ ಬಾಗಿದ ಹ್ಯಾಂಡಲ್, 23ರಿಂದ 28 ಮಿಲಿಮೀಟರ್ ಟೈರು, 9ರಿಂದ 11 ಕೆಜಿ ತೂಕ. ಬೆಲೆ ಹೆಚ್ಚುಕಡಿಮೆ 25-30 ಸಾವಿರದಿಂದ ಶುರು.

ಅಂದರೆ ಎರಡೂ ನಮ್ಮ ಕೆಲಸಕ್ಕೆ ಹುಟ್ಟಿದವಲ್ಲ. ಒಂದು ಗುಡ್ಡಕ್ಕೆ, ಒಂದು ರೇಸಿಗೆ. ಬುತ್ತಿ ಕಟ್ಟಿಕೊಂಡು ಒಂಬತ್ತು ಗಂಟೆಗೆ ಬಾಗಿಲು ಮುಟ್ಟಬೇಕಾದ ನಮಗೆ ಎರಡರಿಂದಲೂ ಸ್ವಲ್ಪ ಸ್ವಲ್ಪ ಬೇಕು.

ಮೂರನೇ ಕೆಲಸ: ಟೈರು ಗೊತ್ತು ಮಾಡಿ

ಇಲ್ಲಿ ಆತುರ ಬೇಡ. ಸೈಕಲ್ ಹೇಗೆ ಓಡುತ್ತದೆ ಅನ್ನುವುದರಲ್ಲಿ ಅರ್ಧ ಪಾಲು ಟೈರಿನದೇ.

ಸಣ್ಣ ಟೈರಿಗೆ ಗಾಳಿ ಗಟ್ಟಿಯಾಗಿ ತುಂಬಬೇಕು, 25 ಮಿಲಿಮೀಟರಿಗೆ ಗಾಳಿ ಒತ್ತಡದ ಅಳತೆಯಲ್ಲಿ 90-100 ಪಿಎಸ್‌ಐ. ಸಾಫಾದ ಡಾಂಬರಿನಲ್ಲಿ ಜಾರಿದ ಹಾಗೆ ಹೋಗುತ್ತದೆ. ಆದರೆ ರಬ್ಬರ್ ತೆಳು. ತಗ್ಗಿಗೆ ಬಿದ್ದರೆ ಪೆಟ್ಟು ನೇರ ಕೈಗೆ, ರಿಮ್ಮಿಗೆ. ಗಾಳಿ ಸ್ವಲ್ಪ ಕಡಿಮೆ ಇದ್ದರೂ ತಗ್ಗಿನ ಅಂಚಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತವೆ. ರೈಲ್ವೆ ಗೇಟಿನಲ್ಲಿ ಹಳಿ ಪಕ್ಕದ ಸಂದಿಗೆ ಸಣ್ಣ ಟೈರು ಇಳಿಯುವ ಅಪಾಯವೂ ಇದೆ. ಹಳಿಯನ್ನು ಯಾವಾಗಲೂ ನೇರ ಅಡ್ಡವಾಗಿ ದಾಟಬೇಕು, ಓರೆಯಾಗಿ ದಾಟಬಾರದು.

2 ಇಂಚಿನ ಗುಬ್ಬಿ ಟೈರು ಮಣ್ಣು, ಜಲ್ಲಿಗೆ ಹಿಡಿತ ಕೊಡುತ್ತದೆ. ಡಾಂಬರಿಗೆ ಬಂದರೆ ಆ ಗುಬ್ಬಿಗಳೇ ಭಾರ. ‘ಗುಂಯ್’ ಅನ್ನುತ್ತಾ ನಿಮ್ಮ ಶಕ್ತಿ ತಿನ್ನುತ್ತವೆ. ಇನ್ನೊಂದು ಮಾತು: ಗುಬ್ಬಿ ದಪ್ಪ ಇದೆ, ಮುಳ್ಳು ಹೊಕ್ಕುವುದಿಲ್ಲ ಅಂತ ಎಷ್ಟೋ ಜನ ತಿಳಿದಿದ್ದಾರೆ. ಗುಬ್ಬಿಗಳ ನಡುವೆ ರಬ್ಬರ್ ತೆಳುವೇ ಇರುತ್ತದೆ. ಜಾಲಿ ಮುಳ್ಳು ಅಲ್ಲೇ ಹೊಕ್ಕುತ್ತದೆ.

ನಮ್ಮೂರಿಗೆ ನಾನು ಹೇಳುವುದು 35ರಿಂದ 40 ಮಿಲಿಮೀಟರ್ ಅಗಲದ, ಮೇಲ್ಮೈ ಸಾಫಾಗಿರುವ ಟೈರು. ರಬ್ಬರಿನ ಕೆಳಗೆ ಮುಳ್ಳು ತಡೆಯುವ ಪದರ ಇದ್ದರೆ ಇನ್ನೂ ಒಳ್ಳೆಯದು. ಬೆಲೆ ಜಾಸ್ತಿಯಾದರೂ ಕೊಡಿ, ಸೈಕಲ್ಲಿನ ಬೇರೆ ಯಾವ ಭಾಗಕ್ಕೂ ಸುರಿಯುವ ದುಡ್ಡು ಇಷ್ಟು ಕೆಲಸ ಮಾಡುವುದಿಲ್ಲ. ಅಂಥ ಟೈರು ಸಿಗದಿದ್ದರೆ ಟೈರಿಗೂ ಟ್ಯೂಬಿಗೂ ನಡುವೆ ಇಡುವ ಲೈನರ್ ಪಟ್ಟಿ ಸಿಗುತ್ತದೆ. ಅದರ ತುದಿಗಳನ್ನು ಒಂದರ ಮೇಲೊಂದು ಬರುವಂತೆ ಇಡಿ, ಚೂಪು ಅಂಚನ್ನು ಕತ್ತರಿಯಿಂದ ಗುಂಡಗೆ ಮಾಡಿ. ಇಲ್ಲದಿದ್ದರೆ ಆ ಅಂಚೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಟ್ಯೂಬಿನೊಳಗೆ ಹಾಕುವ ಸೀಲೆಂಟ್ ದ್ರವವೂ ನೆಗ್ಗಿನ ಮುಳ್ಳಿನಂಥ ಸಣ್ಣ ತೂತಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಟೈರು ಕೊಳ್ಳುವಾಗ ಇಂಚಿನ ಲೆಕ್ಕ ನಂಬಬೇಡಿ. ಟೈರಿನ ಪಕ್ಕದಲ್ಲಿ 40-622 ಅಂತ ಒಂದು ಜೋಡಿ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ರಿಮ್ಮಿಗೆ ಕೂರುವ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ರೋಡ್ ಬೈಕಿನ 700 ಸಿ ಅನ್ನುವ ಚಕ್ರದ ಅಳತೆ, ಎಂಟಿಬಿಯ 29 ಇಂಚು ಎರಡೂ 622. 27.5 ಇಂಚು ಅಂದರೆ 584. ಎಂಟಿಬಿಯ 26 ಇಂಚು ಅಂದರೆ 559. ನಮ್ಮ ಅಪ್ಪ, ತಾತ ತುಳಿದ ಕರೀ ಸೈಕಲ್ಲಿನ 28 ಇಂಚು 635. ಕಣ್ಣಿಗೆ 700 ಸಿ ಹಾಗೇ ಕಂಡರೂ ಕೂರುವುದಿಲ್ಲ. ಈ ಸಂಖ್ಯೆಯನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡು ಅಂಗಡಿಗೆ ಹೋಗಿ.

ನಾಲ್ಕನೇ ಕೆಲಸ: ಈಗ ಸೈಕಲ್ ಆರಿಸಿ

ಊರೊಳಗೆ ಓಡಾಟ, ಹೋಗಿಬರಲು 10-15 ಕಿಲೋಮೀಟರ್, ರಾಯಲ್ ಸರ್ಕಲ್, ಮೋತಿ ಸರ್ಕಲ್ ಕಡೆಯ ಗದ್ದಲ, ಒಂದಷ್ಟು ತಗ್ಗು, ಒಂದಷ್ಟು ಕಾಂಕ್ರೀಟು. ನಮ್ಮಲ್ಲಿ ಹತ್ತರಲ್ಲಿ ಎಂಟು ಜನರ ದಾರಿ ಇದೇ ಅಂತ ನನ್ನ ಅಂದಾಜು. ಇವರಿಗೆ ಹೈಬ್ರಿಡ್ ತಗೊಳ್ಳಿ ಅಂತ ನೇರವಾಗಿ ಹೇಳುತ್ತೇನೆ. ನೇರ ಹ್ಯಾಂಡಲ್, ಮುಂದೆ ಸಸ್ಪೆನ್ಷನ್ ಇಲ್ಲದ ಗಟ್ಟಿ ಫೋರ್ಕ್, 700 ಸಿ ಚಕ್ರ, 35-40 ಟೈರು, ಮಡ್‌ಗಾರ್ಡ್‌ಗೂ ಕ್ಯಾರಿಯರ್‌ಗೂ ತೂತು. ನೆಟ್ಟಗೆ ಕೂತರೆ ಆಟೋ ಎಲ್ಲಿ ನುಗ್ಗುತ್ತದೆ, ಯಾರು ಬಾಗಿಲು ತೆಗೆಯುತ್ತಾರೆ ಅನ್ನುವುದು ಕಾಣುತ್ತದೆ. ಹೈಬ್ರಿಡ್ ಸಿಗದಿದ್ದರೆ, ಅಥವಾ ಮನೆಯಲ್ಲಿ ಈಗಾಗಲೇ ಎಂಟಿಬಿ ಇದ್ದರೆ, ಅದರ ಗುಬ್ಬಿ ಟೈರು ತೆಗೆದು 1.5 ಇಂಚಿನ ಸಾಫ್ ಟೈರು ಹಾಕಿ. ಅದೇ ಸೈಕಲ್ ಬೇರೆಯದೇ ಅನ್ನಿಸುತ್ತದೆ. ನನ್ನ ತಮ್ಮನ ಸೈಕಲ್ಲಿಗೆ ಹೀಗೇ ಮಾಡಿದ್ದೇವೆ, ಅವನು ಹೊಸದು ಕೊಳ್ಳುವ ಮಾತನ್ನೇ ಬಿಟ್ಟ.

ರೋಡ್ ಬೈಕ್ ಯಾರಿಗೆ? ದಿನಾ ಒಂದು ಕಡೆಗೇ 20 ಕಿಲೋಮೀಟರಿಗಿಂತ ಜಾಸ್ತಿ ಹೆದ್ದಾರಿಯಲ್ಲಿ ಹೋಗುವವರಿಗೆ. ಉದಾಹರಣೆಗೆ ಬಳ್ಳಾರಿಯಿಂದ ಕುಡಿತಿನಿ ವಿದ್ಯುತ್ ಸ್ಥಾವರದ ಕಡೆ, ಅಥವಾ ಸುಮಾರು 30 ಕಿಲೋಮೀಟರ್ ದೂರದ ತೋರಣಗಲ್ಲಿಗೆ. ಅದು ರಾಷ್ಟ್ರೀಯ ಹೆದ್ದಾರಿ 67, ಹೊಸಪೇಟೆ ರಸ್ತೆ. ಅಲ್ಲಿ ಬಾಗಿದ ಹ್ಯಾಂಡಲ್ಲಿನ ಬೆಲೆ ಗೊತ್ತಾಗುವುದು ಆಷಾಢದಲ್ಲಿ. ಪಡುವಣ ಗಾಳಿ ಎದೆಗೇ ಹೊಡೆಯುತ್ತದೆ. ವೇಗ ಎರಡು ಪಟ್ಟಾದರೆ ಗಾಳಿ ತಡೆಯುವ ಬಲ ನಾಲ್ಕು ಪಟ್ಟಾಗುತ್ತದೆ, ಎದುರು ಗಾಳಿಯಲ್ಲಿ ಇನ್ನೂ ಕಷ್ಟ. ಬಗ್ಗಿ ಕೂತರೆ ಗಾಳಿಗೆ ಸಿಗುವ ಮೈ ಕಡಿಮೆಯಾಗಿ ನಿಜವಾಗಿಯೂ ಉಸಿರು ಉಳಿಯುತ್ತದೆ. ಆದರೆ ಅದೇ ರಸ್ತೆಯಲ್ಲಿ ಅದಿರು, ಕಲ್ಲಿದ್ದಲಿನ ಲಾರಿಗಳೂ ಓಡುತ್ತವೆ. ಕನ್ನಡಿ, ಹಗಲಲ್ಲೂ ಮಿನುಗುವ ಹಿಂದಿನ ಕೆಂಪು ದೀಪ ಇಲ್ಲದೆ ಆ ಕಡೆ ಹೋಗಲೇಬೇಡಿ. ಬಾಗಿದ ಹ್ಯಾಂಡಲ್ ಬೇಕೇ ಬೇಕು ಅನ್ನುವವರು 32 ಮಿಲಿಮೀಟರಿಗಿಂತ ದೊಡ್ಡ ಟೈರು ಕೂರುವ ಫ್ರೇಮನ್ನೇ ಕೇಳಿ. ಗ್ರಾವೆಲ್ ಬೈಕ್ ಅಂತ ಬರುವವು ಅಂಥವೇ.

ಎಂಟಿಬಿ ಯಾರಿಗೆ? ದಿನಾ ಅರ್ಧಕ್ಕಿಂತ ಹೆಚ್ಚು ದಾರಿ ಕಾಲುವೆ ಏರಿಯ ಮೇಲೆ, ಹೊಲದ ನಡುವೆ, ಸಂಡೂರು ಕಡೆಯ ಕೆಂಪು ಧೂಳಿನ ಮಣ್ಣು ರಸ್ತೆಯಲ್ಲಿ ಹೋಗುವವರಿಗೆ. ಅವರಿಗೆ ಮಾತ್ರ. ಅವರೂ ಹಿಂದೆ ಸ್ಪ್ರಿಂಗ್ ಇರುವ ಕಡಿಮೆ ಬೆಲೆಯ ಸೈಕಲ್ ತಗೋಬಾರದು. ತುಳಿದಾಗಲೆಲ್ಲ ಸೀಟು ಕುಣಿದು, ಕಾಲಿನ ಬಲ ಸ್ಪ್ರಿಂಗಿಗೆ ಹೋಗುತ್ತದೆ. ಮುಂದಿನ ಸಸ್ಪೆನ್ಷನ್ ಕೂಡ ಕಡಿಮೆ ಬೆಲೆಯದಾದರೆ ಎರಡು ಕೆಜಿ ಮೇಲೆ ತೂಗುತ್ತದೆ, ಧೂಳು ಹೊಕ್ಕು ಒಂದೆರಡು ವರ್ಷದಲ್ಲಿ ಬಿಗಿಯುತ್ತದೆ. ಲಾಕ್ ಮಾಡುವ ಸೌಲಭ್ಯ ಇರುವುದನ್ನು ಕೇಳಿ ತಗೊಳ್ಳಿ, ಡಾಂಬರಿಗೆ ಬಂದಾಗ ಲಾಕ್ ಮಾಡಿ.

ಐದನೇ ಕೆಲಸ: ಅಂಗಡಿಯಲ್ಲಿ

ಅಳತೆ ಮೊದಲು. ಸೈಕಲ್ಲಿನ ಮೇಲಿನ ಕೊಳವೆಯ ಆಚೀಚೆ ಕಾಲಿಟ್ಟು ನಿಂತುಕೊಳ್ಳಿ. ಪಾದ ಪೂರ್ತಿ ನೆಲಕ್ಕೆ ಮುಟ್ಟಿ, ಕೊಳವೆಗೂ ನಿಮಗೂ ನಡುವೆ ಎರಡು ಮೂರು ಬೆರಳು ಜಾಗ ಉಳಿಯಬೇಕು. ಎಂಟಿಬಿಗೆ ಇನ್ನೂ ಸ್ವಲ್ಪ ಜಾಸ್ತಿ. ಆಮೇಲೆ ಸೀಟಿನ ಮೇಲೆ ಕೂತು, ಪೆಡಲ್ ತೀರಾ ಕೆಳಗೆ ಬಂದಾಗ ಅದರ ಮೇಲೆ ಹಿಮ್ಮಡಿ ಇಡಿ. ಮೊಣಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುತ್ತೀರಲ್ವಾ, ಆಗ ಮೊಣಕಾಲು ಸ್ವಲ್ಪ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ನಮ್ಮಲ್ಲಿ ಬಹಳ ಜನ ಎರಡೂ ಕಾಲು ನೆಲಕ್ಕೆ ಮುಟ್ಟಲಿ ಅಂತ ಸೀಟು ತೀರಾ ಇಳಿಸಿಕೊಳ್ಳುತ್ತಾರೆ. ಮೊಣಕಾಲು ನೋವಿಗೆ ಅದೇ ದಾರಿ.

ಟ್ಯೂಬಿನ ವಾಲ್ವ್ ನೋಡಿ. ರೋಡ್ ಬೈಕಿಗೆ ಸಾಮಾನ್ಯವಾಗಿ ಸಣ್ಣಗೆ ಉದ್ದನೆಯ ಪ್ರೆಸ್ಟಾ ವಾಲ್ವ್ ಇರುತ್ತದೆ. ಪಂಚರ್ ಅಂಗಡಿಯ ಗಾಳಿ ಪೈಪು ಅದಕ್ಕೆ ನೇರವಾಗಿ ಹತ್ತುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದು ಕೊಂಡು ಬೀಗದ ಕೈ ಗೊಂಚಲಿಗೆ ಹಾಕಿಕೊಳ್ಳಿ. ಎಂಟಿಬಿಯ ಶ್ರೇಡರ್ ವಾಲ್ವ್ ಮೋಟಾರ್ ಸೈಕಲ್ಲಿನದೇ ಬಗೆ, ಎಲ್ಲಿ ಬೇಕಾದರೂ ಗಾಳಿ ಹೊಡೆಸಬಹುದು. ಮಟಮಟ ಮಧ್ಯಾಹ್ನ ಗಾಳಿ ಹೋದಾಗ ಈ ವ್ಯತ್ಯಾಸ ಬಹಳ ದೊಡ್ಡದು.

ಬ್ರೇಕಿನಲ್ಲಿ ಡಿಸ್ಕ್ ಇದ್ದರೆ ಮಳೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ. ರಿಮ್ ಹಿಡಿಯುವ ವಿ-ಬ್ರೇಕ್ ಇದ್ದರೂ ಸಾಕು, ಅದರ ರಬ್ಬರ್ ಸುಲಭವಾಗಿ ಸಿಗುತ್ತದೆ, ಮನೆಯಲ್ಲೇ ಬದಲಾಯಿಸಬಹುದು. ಗೇರು 21 ಇದೆ ಅಂತ ಮರುಳಾಗಬೇಡಿ. ಬಳ್ಳಾರಿ ಊರೊಳಗೆ ಕೋಟೆ ಗುಡ್ಡ ಹತ್ತುವ ಕೆಲಸ ಯಾರಿಗೂ ಇಲ್ಲ, ಏಳೆಂಟು ಗೇರು ಧಾರಾಳ.

ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡ್, ಗಂಟೆ, ಬೀಗ, ದೀಪ ಎಲ್ಲಾ ಸೇರಿಸಿ ಬೆಲೆ ಕೇಳಿ. ಬುತ್ತಿ ಚೀಲವನ್ನು ಬೆನ್ನಿಗೆ ಹಾಕಿಕೊಂಡರೆ ಏಪ್ರಿಲ್, ಮೇ ತಿಂಗಳಲ್ಲಿ ಬೆನ್ನು ಬೆವರಿನಲ್ಲಿ ತೊಯ್ದು ಹೋಗುತ್ತದೆ. 40 ಡಿಗ್ರಿ ದಾಟುವ ಊರಿನಲ್ಲಿ ಕ್ಯಾರಿಯರ್ ಬೇಕೇ ಬೇಕು.

ಮನೆಗೆ ತಂದ ಮೇಲೆ

ಗಾಳಿ ಅಳೆಯುವ ಮೀಟರ್ ಇರುವ ಕಾಲಿನ ಪಂಪು ಒಂದು ಕೊಳ್ಳಿ. ವಾರಕ್ಕೊಂದು ಸಲ ನೋಡಿ. 38 ಮಿಲಿಮೀಟರ್ ಟೈರಿಗೆ 50-60 ಪಿಎಸ್‌ಐ, 2 ಇಂಚಿಗೆ ಡಾಂಬರಿನಲ್ಲಿ 35-45. ತೂಕ ಜಾಸ್ತಿ ಇದ್ದವರು ಸ್ವಲ್ಪ ಜಾಸ್ತಿ ಇಡಿ, ಆದರೆ ಟೈರಿನ ಮೇಲೆ ಬರೆದ ಮಿತಿ ದಾಟಬೇಡಿ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ ಅಂಚಿನವರೆಗೆ ತುಂಬಿಸಿ ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಬೇಡಿ. ಒಳಗಿನ ಗಾಳಿ ಕಾದು ಒತ್ತಡ ಏರುತ್ತದೆ, ಹಳೇ ಪ್ಯಾಚಿನ ಅಂಟು ಸಡಿಲವಾಗುತ್ತದೆ. ನೆರಳು ಹುಡುಕಿ, ಆದರೆ ಜಾಲಿ ನೆರಳು ಬೇಡ.

ಚೈನಿಗೆ ಎಣ್ಣೆ ಸುರಿಯಬೇಡಿ. ನಮ್ಮ ಧೂಳು ಎಣ್ಣೆಗೆ ಅಂಟಿ ಅರೆಯುವ ಹಿಟ್ಟಿನ ಹಾಗಾಗಿ ಚೈನನ್ನು ಸವೆಸುತ್ತದೆ. ಒಣ ಬಟ್ಟೆಯಿಂದ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಹಾಕಿ, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹೊರಗೆ ಉಳಿದದ್ದನ್ನು ಪೂರ್ತಿ ಒರೆಸಿಬಿಡಿ. ಮೇಣದ ಬಗೆಯ ಒಣ ಲ್ಯೂಬ್ ಸಿಕ್ಕರೆ ಬೇಸಿಗೆಗೆ ಅದೇ ಒಳ್ಳೆಯದು.

ಸೀಟಿನ ಕೆಳಗೆ ಸಣ್ಣ ಚೀಲ ಕಟ್ಟಿ. ಅದರಲ್ಲಿ ಒಂದು ಹೊಸ ಟ್ಯೂಬು, ಟೈರು ಬಿಚ್ಚುವ ಎರಡು ಲಿವರ್, ಪ್ಯಾಚು, ಸೊಲ್ಯೂಷನ್, ಉಪ್ಪು ಕಾಗದ, ಸಣ್ಣ ಪಂಪು, ಒಂದು ತುಂಡು ಹತ್ತಿ ಬಟ್ಟೆ ಇರಲಿ. ಪಂಚರ್ ಆದರೆ ದಾರಿಯಲ್ಲಿ ಪ್ಯಾಚ್ ಹಚ್ಚುತ್ತಾ ಕೂರಬೇಡಿ, ಟ್ಯೂಬು ಬದಲಾಯಿಸಿ ಹೊರಡಿ, ಹಳೆಯದಕ್ಕೆ ರಾತ್ರಿ ಮನೆಯಲ್ಲಿ ಪ್ಯಾಚ್ ಹಾಕಿ. ಟೈರಿನ ಮೇಲಿನ ಹೆಸರು ಯಾವಾಗಲೂ ವಾಲ್ವಿನ ನೇರಕ್ಕೆ ಬರುವಂತೆ ಕೂರಿಸಿರಿ. ಆಗ ಟ್ಯೂಬಿನಲ್ಲಿ ತೂತು ವಾಲ್ವಿನಿಂದ ಎಷ್ಟು ದೂರ ಇದೆಯೋ, ಟೈರಿನಲ್ಲೂ ಹೆಸರಿನಿಂದ ಅಷ್ಟೇ ದೂರದಲ್ಲಿ ಮುಳ್ಳು ಇರುತ್ತದೆ. ಟ್ಯೂಬು ಯಾವ ಮುಖವಾಗಿ ಕೂತಿತ್ತು ಅನ್ನುವುದು ಮರೆತರೆ ಹೆಸರಿನ ಎರಡೂ ಬದಿ ನೋಡಿ. ಆಮೇಲೆ ಬಟ್ಟೆಯನ್ನು ಒಳಗಡೆ ಸುತ್ತಲೂ ಎಳೆಯಿರಿ. ಬರೀ ಬೆರಳು ಹಾಕಬೇಡಿ, ಜಾಲಿ ಮುಳ್ಳು ಚುಚ್ಚಿದರೆ ಎರಡು ದಿನ ನೋವು ಬಿಡುವುದಿಲ್ಲ.

ಸಿಕ್ಕ ಮುಳ್ಳನ್ನು ರಸ್ತೆ ಬದಿಗೆ ಎಸೆಯಬೇಡಿ. ಹಿಂದೆ ಇನ್ನೊಂದು ಸೈಕಲ್ ಬರುತ್ತಿರುತ್ತದೆ. ಕಾಗದದಲ್ಲಿ ಸುತ್ತಿ ಅದೇ ಸೀಟಿನ ಚೀಲಕ್ಕೆ ಹಾಕಿಕೊಂಡು ಮನೆಗೆ ತನ್ನಿ.